ಅತಿ ಚಿಕ್ಕ ಕ್ರಮವಿಧಿ

2,62,144 ಎಂಬ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸತಕ್ಕ, ಆದರೆ ಅದಕ್ಕಿಂತ ಚಿಕ್ಕದಾದ ಸಂಖ್ಯೆಗಳಲ್ಲಿ ಅತ್ಯಂತ ದೊಡ್ಡದು ಯಾವುದು? ಈ ಪ್ರಶ್ನೆಗೆ ಉತ್ತರ ಹೇಳಲು ಪ್ರೌಢಶಾಲೆಯ ವಿದ್ಯಾರ್ಥಿಗೆ ಒಂದು ನಿಮಿಷವೂ ಬೇಕಾಗಲಾರದು. ಅದು ಸಮಸಂಖ್ಯೆ, ಆದುದರಿಂದ ಅದರ ಅರ್ಧ, ಎಂದರೆ 1,31,072, ನಮಗೆ ಬೇಕಾದ ಉತ್ತರ. ಆದರೆ 1948ನೆಯ ಇಸವಿಯ ಬೇಸಗೆಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಒಂದು ಯಂತ್ರ ಇದೇ ಉತ್ತರವನ್ನು ಕಂಡುಹಿಡಿಯಲು 52 ನಿಮಿಷಗಳ ಕಾಲ ದುಡಿಯಿತು. ಹಾಗಿದ್ದರೂ ಆ 52 ನಿಮಿಷಗಳು ಗಣಕಯಂತ್ರಗಳ ಇತಿಹಾಸದಲ್ಲಿ ಚಿರಸ್ಮರಣೀಯವಾಗಿ ಉಳಿದಿವೆ. ಏಕೆಂದರೆ, ತಾನು ನಡೆಸಬೇಕಾದ ಆಜ್ಞೆಗಳನ್ನು ತನ್ನ ವಿದ್ಯುನ್ಮಾನ ಸ್ಮೃತಿಯಲ್ಲಿಯೇ ಇರಿಸಿಕೊಂಡು ಕೆಲಸ ಮಾಡಿದ ಮೊತ್ತಮೊದಲ ಯಂತ್ರ ಅದು. ಅದಕ್ಕೆ ಕೊಟ್ಟಿದ್ದ ಆಜ್ಞೆಗಳಾದರೋ ಕೇವಲ 17.

ಗಣಕಯಂತ್ರಕ್ಕೆ ಕೊಡುವ ಇಂತಹ ಆಜ್ಞೆಗಳ ಸರಣಿಗೆ ಪ್ರೋಗ್ರಾಂ ಅಥವಾ ಕ್ರಮವಿಧಿ ಎಂದು ಹೆಸರು. ಸಂಖ್ಯೆಗಳಿಗೆ ಸಂಬಂಧಿಸಿದ ಒಂದು ಸಮಸ್ಯೆಯನ್ನು ಎಷ್ಟು ಚಿಕ್ಕ ಕ್ರಮವಿಧಿಯಿಂದ ಬಿಡಿಸಬಹುದು? ಮೇಲುನೋಟಕ್ಕೆ ಇದು ಹೊತ್ತು ಕಳೆಯುವವರ ವಿನೋದದಂತೆ ಕಾಣುತ್ತದೆ. ಆದರೆ ಇದನ್ನು ಹಿಡಿದು ಸ್ವಲ್ಪ ದೂರ ನಡೆದರೆ, ಒಂದು ಸಂಖ್ಯೆಯನ್ನು 'ತಿಳಿದುಕೊಳ್ಳುವುದು' ಎಂದರೇನು ಎಂಬ ಗಂಭೀರವಾದ ಪ್ರಶ್ನೆಗೆ ಬಂದು ಸೇರುತ್ತೇವೆ. ಈ ಲೇಖನದಲ್ಲಿ ಆ ದಾರಿಯನ್ನು ಹಂತಹಂತವಾಗಿ ನೋಡೋಣ.

ಮೂವತ್ತೆರಡು ಸಾಲುಗಳ ಸ್ಮೃತಿ

ಮ್ಯಾಂಚೆಸ್ಟರಿನ ಯಂತ್ರವನ್ನು ರಚಿಸಿದವರು ಫ್ರೆಡರಿಕ್ ವಿಲಿಯಮ್ಸ್, ಟಾಮ್ ಕಿಲ್ಬರ್ನ್ ಮತ್ತು ಜೆಫ್ ಟೂಟಿಲ್. 'ಬೇಬಿ' ಎಂಬುದು ಅದರ ಅಡ್ಡಹೆಸರು. ಟೆಲಿವಿಷನ್ನಿನ ಕೊಳವೆಯಂತಹ ಒಂದು ಕ್ಯಾಥೋಡ್ ಕಿರಣ ಕೊಳವೆಯ ಮುಖದ ಮೇಲೆ ವಿದ್ಯುದಾವೇಶದ ಚುಕ್ಕೆಗಳ ರೂಪದಲ್ಲಿ ಅಂಕಿಗಳನ್ನು ಇರಿಸುವುದು ಅದರ ಸ್ಮೃತಿಯ ತತ್ವ. ಆ ಸ್ಮೃತಿಯಲ್ಲಿ ಇದ್ದವು 32 ಸಾಲುಗಳು; ಒಂದೊಂದು ಸಾಲಿನಲ್ಲಿ 0 ಅಥವಾ 1 ಆಗಿರಬಹುದಾದ 32 ಅಂಕಿಗಳು. ಆಜ್ಞೆಗಳು, ಲೆಕ್ಕಕ್ಕೆ ಬೇಕಾದ ಸಂಖ್ಯೆಗಳು, ಕೊನೆಯ ಉತ್ತರ, ಎಲ್ಲವೂ ಈ 32 ಸಾಲುಗಳೊಳಗೆ ಅಡಗಬೇಕು. ನಮ್ಮ ಪೂರ್ವಿಕರು ಶಾಸ್ತ್ರಗಳನ್ನು ಕಂಠಪಾಠ ಮಾಡಬೇಕಾಗಿದ್ದುದರಿಂದ ಅವುಗಳನ್ನು ಸೂತ್ರರೂಪದಲ್ಲಿ ಅಡಕಗೊಳಿಸಿದರಷ್ಟೆ. ಇಲ್ಲಿಯೂ ಸಂಗತಿ ಅದೇ: ನೆನಪಿನ ಸ್ಥಳ ಕಿರಿದು, ಆದುದರಿಂದ ಮಾತು ಚಿಕ್ಕದಾಗಬೇಕು.

ಯಂತ್ರಕ್ಕೆ ಅರ್ಥವಾಗುತ್ತಿದ್ದ ಆಜ್ಞೆಗಳು ಏಳೇ ಬಗೆಯವು. ಒಂದು ಸಂಖ್ಯೆಯ ಚಿಹ್ನೆಯನ್ನು ಬದಲಿಸಿ ತರುವುದು, ಒಂದು ಸಂಖ್ಯೆಯನ್ನು ಕಳೆಯುವುದು, ಬಂದುದನ್ನು ಸ್ಮೃತಿಯಲ್ಲಿ ಬರೆದಿಡುವುದು, ಅದು ಋಣಸಂಖ್ಯೆಯೇ ಎಂದು ಪರೀಕ್ಷಿಸುವುದು, ಬೇರೊಂದು ಸಾಲಿನ ಆಜ್ಞೆಗೆ ಹೋಗುವುದು (ಇದರಲ್ಲಿ ಎರಡು ಬಗೆ), ನಿಲ್ಲುವುದು. ಇಷ್ಟೆ. ಕೂಡುವ ಆಜ್ಞೆ ಕೂಡ ಇರಲಿಲ್ಲ. ಗುಣಾಕಾರ ಭಾಗಾಕಾರಗಳ ಮಾತಂತೂ ದೂರ. ಆದರೆ ಕಳೆಯಲು ಬಂದರೆ ಕೂಡಲೂ ಬರುತ್ತದೆ. 5ಕ್ಕೆ 3ನ್ನು ಕೂಡಬೇಕಾದರೆ, 5ನ್ನು ಚಿಹ್ನೆ ಬದಲಿಸಿ –5 ಎಂದು ತಂದು, ಅದರಿಂದ 3ನ್ನು ಕಳೆದು –8 ಪಡೆದು, ಮತ್ತೆ ಚಿಹ್ನೆ ಬದಲಿಸಿದರೆ 8 ದೊರೆಯುತ್ತದೆ.

ಕಿಲ್ಬರ್ನ್ ಬರೆದ ಕ್ರಮವಿಧಿಯ ಉಪಾಯ ಬಹು ಸರಳ. ಕೊಟ್ಟ ಸಂಖ್ಯೆಗಿಂತ ಒಂದು ಕಡಮೆಯಿರುವ ಸಂಖ್ಯೆಯನ್ನು ಭಾಜಕವೆಂದು ತೆಗೆದುಕೊ. ಅದನ್ನು ಮತ್ತೆಮತ್ತೆ ಕಳೆಯುತ್ತ ಹೋಗು. ಕೊನೆಗೆ ಶೇಷವೇನೂ ಉಳಿಯದಿದ್ದರೆ ಅದೇ ಉತ್ತರ. ಉಳಿದರೆ ಭಾಜಕವನ್ನು ಒಂದು ಕಡಮೆ ಮಾಡಿ ಮತ್ತೆ ಪ್ರಾರಂಭಿಸು. 1948ರ ಜೂನ್ 21ರಂದು ಈ ಕ್ರಮವಿಧಿ ಚಿಕ್ಕ ಸಂಖ್ಯೆಯೊಂದರ ಮೇಲೆ ಮೊದಲ ಬಾರಿ ಯಶಸ್ವಿಯಾಯಿತು. ಕೆಲವು ದಿನಗಳಲ್ಲಿಯೇ 2ರ ಹದಿನೆಂಟನೆಯ ಘಾತವಾದ 2,62,144ನ್ನು ಅದಕ್ಕೆ ಒಡ್ಡಿದರು. 2,62,143ರಿಂದ ಕೆಳಗಿಳಿಯುತ್ತ ಯಂತ್ರವು ಸುಮಾರು 1,30,000 ಸಂಖ್ಯೆಗಳನ್ನು ಪರೀಕ್ಷಿಸಿ, ಸುಮಾರು 35 ಲಕ್ಷ ಕಾರ್ಯಗಳನ್ನು ನಡೆಸಿ, ಸರಿಯಾದ ಉತ್ತರದಲ್ಲಿ ನಿಂತಿತು.

ಇದಕ್ಕಿಂತ ಜಾಣತನದ ವಿಧಾನವಿಲ್ಲವೇ ಎಂದು ವಾಚಕರು ಕೇಳಬಹುದು. ಖಂಡಿತವಾಗಿಯೂ ಇದೆ. ಕೆಳಗಿನಿಂದ ಹೊರಟು ಅತ್ಯಂತ ಚಿಕ್ಕ ಭಾಜಕವನ್ನು ಹುಡುಕಿ, ಕೊಟ್ಟ ಸಂಖ್ಯೆಯನ್ನು ಅದರಿಂದ ಭಾಗಿಸಿದರೆ ಅತ್ಯಂತ ದೊಡ್ಡ ಭಾಜಕ ಕೂಡಲೆ ಸಿಕ್ಕುತ್ತದೆ. ಆದರೆ ಹಾಗೆ ಮಾಡಲು, ಎಷ್ಟು ಬಾರಿ ಕಳೆದೆವೆಂಬುದನ್ನು ಎಣಿಸಿಡುವ ಇನ್ನಷ್ಟು ಆಜ್ಞೆಗಳು ಬೇಕು. ಅಲ್ಲದೆ, ಹೊಸ ಯಂತ್ರ ಬಹುಕಾಲ ತಪ್ಪಿಲ್ಲದೆ ನಡೆಯಬಲ್ಲುದೇ ಎಂದು ಪರೀಕ್ಷಿಸುವುದೇ ಅವರ ಉದ್ದೇಶವಾಗಿದ್ದುದರಿಂದ, ದೀರ್ಘಕಾಲ ದುಡಿಸುವ ಚಿಕ್ಕ ಕ್ರಮವಿಧಿಯೇ ಅವರಿಗೆ ಬೇಕಾಗಿತ್ತು. ಇದರಿಂದ ನಾವು ಕಲಿಯುವ ಮೊದಲನೆಯ ಪಾಠ: ಅತಿ ಚಿಕ್ಕ ಕ್ರಮವಿಧಿಯು ಅತಿ ಶೀಘ್ರವಾದ ಕ್ರಮವಿಧಿಯಾಗಿರಬೇಕಾಗಿಲ್ಲ.

ಗಾಲ್ಫ್ ಆಟದ ನಿಯಮ

ಇಂದು ಅಂಗೈಯಲ್ಲಿ ಹಿಡಿಯುವ ದೂರವಾಣಿಯಲ್ಲಿಯೂ ನೂರಾರು ಕೋಟಿ ಅಕ್ಷರಗಳಿಗೆ ಸ್ಥಳವಿದೆ. ಸ್ಥಳದ ಅಭಾವ ನೀಗಿದ್ದರೂ ಅತಿ ಚಿಕ್ಕ ಕ್ರಮವಿಧಿಯನ್ನು ಬರೆಯುವ ಹಂಬಲ ಮಾತ್ರ ಉಳಿದುಬಂದು ಒಂದು ಆಟವಾಗಿ ಬೆಳೆದಿದೆ. ಅದರ ಹೆಸರು 'ಕೋಡ್ ಗಾಲ್ಫ್'. ಗಾಲ್ಫ್ ಆಟದಲ್ಲಿ ಅತಿ ಕಡಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವನು ಗೆಲ್ಲುವಂತೆ, ಇಲ್ಲಿ ಅತಿ ಕಡಮೆ ಅಕ್ಷರಗಳಲ್ಲಿ ಸಮಸ್ಯೆಯನ್ನು ಬಿಡಿಸಿದವನು ಗೆಲ್ಲುತ್ತಾನೆ. ಗಾಲ್ಫ್‌ಸ್ಕ್ರಿಪ್ಟ್, ಜೆಲ್ಲಿ ಮುಂತಾದ ಗಣಕ ಭಾಷೆಗಳು ಹುಟ್ಟಿಕೊಂಡದ್ದೇ ಈ ಆಟಕ್ಕಾಗಿ. ಅವುಗಳಲ್ಲಿ ಒಂದು ಇಡೀ ಕಾರ್ಯಕ್ಕೆ ಒಂದೆರಡು ಚಿಹ್ನೆಗಳು ಸಾಕು.

ಈ ಆಟದಲ್ಲಿ ಬಳಸುವ ಒಂದು ಯುಕ್ತಿಯನ್ನು ನೋಡೋಣ. 1000ಕ್ಕಿಂತ ಕಡಮೆಯಿರುವ, 3ರಿಂದಾಗಲಿ 5ರಿಂದಾಗಲಿ ಶೇಷವಿಲ್ಲದೆ ಭಾಗವಾಗುವ ಎಲ್ಲ ಸಂಖ್ಯೆಗಳ ಮೊತ್ತವೆಷ್ಟು? ಒಂದೊಂದು ಸಂಖ್ಯೆಯನ್ನೂ ತೆಗೆದುಕೊಂಡು, 3ರಿಂದ ಭಾಗವಾಗುವುದೇ ಎಂದು ಒಮ್ಮೆ, 5ರಿಂದ ಭಾಗವಾಗುವುದೇ ಎಂದು ಇನ್ನೊಮ್ಮೆ ಪರೀಕ್ಷಿಸುವುದು ಎಲ್ಲರಿಗೂ ತೋಚುವ ದಾರಿ. ಆಟದಲ್ಲಿ ಪಳಗಿದವರು ಎರಡು ಪರೀಕ್ಷೆಗಳನ್ನು ಒಂದಾಗಿಸುತ್ತಾರೆ: ಎರಡು ಶೇಷಗಳನ್ನೂ ಪರಸ್ಪರ ಗುಣಿಸಿ, ಗುಣಲಬ್ಧ ಸೊನ್ನೆಯೇ ಎಂದು ನೋಡಿದರೆ ಸಾಕು. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾಗಬೇಕಾದರೆ ಅವುಗಳಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು ಎಂಬ, ಬೀಜಗಣಿತದ ಮೊದಲ ಪಾಠಗಳಲ್ಲಿ ಬರುವ ತತ್ವವೇ ಇಲ್ಲಿ ಒಂದು ಆಜ್ಞೆಯನ್ನು ಉಳಿಸಿಕೊಟ್ಟಿತು.

ಸಂಖ್ಯೆಗಳನ್ನು ಒಂದೊಂದಾಗಿ ನೋಡದೆಯೇ ಸಮಾಂತರ ಶ್ರೇಢಿಯ ಸೂತ್ರದಿಂದಲೂ ಉತ್ತರವನ್ನು ಪಡೆಯಬಹುದು. 3ರ ಅಪವರ್ತ್ಯಗಳ ಮೊತ್ತ 1,66,833. 5ರ ಅಪವರ್ತ್ಯಗಳ ಮೊತ್ತ 99,500. ಎರಡರಲ್ಲಿಯೂ ಸೇರಿಹೋದ 15ರ ಅಪವರ್ತ್ಯಗಳ ಮೊತ್ತ 33,165. ಮೊದಲ ಎರಡನ್ನು ಕೂಡಿ ಮೂರನೆಯದನ್ನು ಕಳೆದರೆ 2,33,168. ಬರವಣಿಗೆಯಲ್ಲಿ ಈ ದಾರಿ ಮೊದಲಿನದಕ್ಕಿಂತ ಉದ್ದವಾಗಬಹುದು. ಆದರೆ 1000ದ ಬದಲು ನೂರು ಕೋಟಿಯವರೆಗೆ ಕೂಡೆಂದರೂ ಇದರ ಕೆಲಸ ಹೆಚ್ಚುವುದಿಲ್ಲ. ಮೊದಲನೆಯದು ನೂರು ಕೋಟಿ ಬಾರಿ ಸುತ್ತಬೇಕಾಗುತ್ತದೆ.

ಆಜ್ಞೆಯ ಸ್ಥಾನದಲ್ಲಿ ಪ್ರಮೇಯ

ಕ್ರಮವಿಧಿಯಿಂದ ಒಂದು ಆಜ್ಞೆಯನ್ನು ತೆಗೆದುಹಾಕುವ ಅಧಿಕಾರ ನಮಗೆ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತಮವಾದ ನಿದರ್ಶನ ನಮ್ಮ ದೇಶದ್ದೇ ಆದ ಒಂದು ಸಂಖ್ಯೆಯಲ್ಲಿದೆ. ನಾಶಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986) 1949ರಲ್ಲಿ ಪ್ರಕಟಿಸಿದ ಒಂದು ಸ್ವಾರಸ್ಯವನ್ನು ವಾಚಕರು ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು ತಾವೇ ಪರೀಕ್ಷಿಸಬಹುದು. ನಾಲ್ಕು ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ಆರಿಸಿಕೊಳ್ಳಿರಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿಯೂ ಏರಿಕೆಯ ಕ್ರಮದಲ್ಲಿಯೂ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದ ಸಂಖ್ಯೆಗೂ ಹೀಗೆಯೇ ಮಾಡುತ್ತ ಹೋಗಿರಿ. 3524ರಿಂದ ಹೊರಟರೆ:

5432 – 2345 = 3087
8730 – 0378 = 8352
8532 – 2358 = 6174

6174ನ್ನು ಮುಟ್ಟಿದ ಮೇಲೆ ಸಂಖ್ಯೆ ಬದಲಾಗುವುದಿಲ್ಲ. 7641ರಿಂದ 1467ನ್ನು ಕಳೆದರೆ ಬರುವುದು 6174ರೇ. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳೊಳಗಾಗಿ ಇಲ್ಲಿಗೇ ಬಂದು ಸೇರುತ್ತೇವೆ.

ಈ ಕೆಲಸಕ್ಕೆ ಒಂದು ಕ್ರಮವಿಧಿಯನ್ನು ಬರೆಯೋಣ.

1. ಸಂಖ್ಯೆಯನ್ನು ತೆಗೆದುಕೊ.
2. ಅದು 6174 ಆಗಿದ್ದರೆ ನಿಲ್ಲು.
3. ಅಂಕಿಗಳು ನಾಲ್ಕಕ್ಕಿಂತ ಕಡಮೆಯಿದ್ದರೆ ಮುಂದೆ ಸೊನ್ನೆ ಹಾಕಿ ನಾಲ್ಕು ಮಾಡು.
4. ಏರಿಕೆಯ ಕ್ರಮದಲ್ಲಿ ಜೋಡಿಸು.
5. ಜೋಡಿಸಿದುದನ್ನು ಹಿಂದುಮುಂದಾಗಿ ಬರೆ.
6. ದೊಡ್ಡದರಿಂದ ಚಿಕ್ಕದನ್ನು ಕಳೆ.
7. ಎರಡನೆಯ ಆಜ್ಞೆಗೆ ಹೋಗು.

ಏಳು ಹೆಜ್ಜೆಗಳು ಸಾಕೆಂದು ನಮಗೆ ತಿಳಿದಿದ್ದರೆ 2 ಮತ್ತು 7ನೆಯ ಆಜ್ಞೆಗಳೆರಡನ್ನೂ ಅಳಿಸಿ, 'ಮುಂದಿನದನ್ನು ಏಳು ಬಾರಿ ಮಾಡು' ಎಂಬ ಒಂದೇ ಆಜ್ಞೆಯನ್ನು ಇರಿಸಬಹುದು. ಮೂರನೆಯ ಹೆಜ್ಜೆಯಲ್ಲಿಯೇ 6174 ಬಂದುಬಿಟ್ಟರೂ ಚಿಂತೆಯಿಲ್ಲ; ಉಳಿದ ನಾಲ್ಕು ಬಾರಿಯೂ ಅದೇ ಸಂಖ್ಯೆ ಬರುತ್ತಿರುತ್ತದೆ. ಇನ್ನೂ ಮುಂದೆ ಹೋಗೋಣ. ನಡುವಿನ ಹೆಜ್ಜೆಗಳು ಬೇಡ, ಕೊನೆಯ ಸಂಖ್ಯೆ ಮಾತ್ರ ಸಾಕು ಎನ್ನುವುದಾದರೆ, ಇಡೀ ಕ್ರಮವಿಧಿಯ ಬದಲು '6174 ಎಂದು ಬರೆ' ಎಂಬ ಒಂದು ಆಜ್ಞೆ ಸಾಕು! ಲೆಕ್ಕವೇ ಇಲ್ಲದ ಈ ಕ್ರಮವಿಧಿ ಮೋಸವಲ್ಲ. ಅಳಿಸಿದ ಆಜ್ಞೆಗಳ ಸ್ಥಾನದಲ್ಲಿ ಒಂದು ಪ್ರಮೇಯ ನಿಂತಿದೆ.

ಆ ಪ್ರಮೇಯವನ್ನು ಸಾಧಿಸುವುದು ಕಷ್ಟವಲ್ಲ. ಇಳಿಕೆಯ ಕ್ರಮದಲ್ಲಿರುವ ಅಂಕಿಗಳನ್ನು ಅ, ಆ, ಇ, ಈ ಎಂದು ಕರೆದರೆ, ಕಳೆದಾಗ ಬರುವ ಸಂಖ್ಯೆ ಯಾವಾಗಲೂ ಅ–ಈ ವ್ಯತ್ಯಾಸದ 999ರಷ್ಟು ಮತ್ತು ಆ–ಇ ವ್ಯತ್ಯಾಸದ 90ರಷ್ಟು, ಇವೆರಡರ ಮೊತ್ತ. ಮೊದಲನೆಯ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು. ಎರಡನೆಯದು ಮೊದಲನೆಯದನ್ನು ಮೀರಲಾರದು. ಹೀಗೆ ಒಟ್ಟು 54 ಜೋಡಿಗಳು ಮಾತ್ರ ಸಾಧ್ಯ. ಸಾವಿರಾರು ಸಂಖ್ಯೆಗಳನ್ನು ಪರೀಕ್ಷಿಸುವ ಬದಲು ಈ 54ನ್ನು ಪರೀಕ್ಷಿಸಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ.

ಇನ್ನು ಮೂರನೆಯ ಆಜ್ಞೆಯನ್ನೂ ಅಳಿಸಬಹುದೇ? 3524ರಲ್ಲಿ ಪ್ರಯೋಗಿಸಿ ನೋಡಿದವರಿಗೆ ಅದು ಅನಾವಶ್ಯಕವೆನಿಸಬಹುದು. ಆದರೆ 2111ನ್ನು ತೆಗೆದುಕೊಳ್ಳಿರಿ. 2111ರಿಂದ 1112ನ್ನು ಕಳೆದರೆ 999. ಮುಂದಿನ ಸೊನ್ನೆಯನ್ನು ಹಾಕಿ 0999 ಎಂದು ಬರೆದುಕೊಂಡರೆ 8991, 8082, 8532 ಎಂದು ನಡೆದು 6174 ತಲಪುತ್ತೇವೆ. ಸೊನ್ನೆಯನ್ನು ಮರೆತರೆ 999ರಿಂದ 999 ಕಳೆದು ಉಳಿಯುವುದು ಬರಿಯ ಸೊನ್ನೆ. ಆಜ್ಞೆಯ ಸಂಖ್ಯೆ ಕಡಮೆಯಾಯಿತು, ಉತ್ತರ ಕೆಟ್ಟಿತು.

ಇಂತಹ ಅವಸರದ ಉಳಿತಾಯಕ್ಕೆ ಜಗತ್ತು ಒಮ್ಮೆ ದೊಡ್ಡ ಬೆಲೆ ತೆತ್ತಿದೆ. 1960ರ ದಶಕದಲ್ಲಿ ಸ್ಮೃತಿ ಬಹು ದುಬಾರಿಯಾಗಿದ್ದಾಗ ಅನೇಕ ಕ್ರಮವಿಧಿಗಳಲ್ಲಿ 1965 ಎಂಬ ವರ್ಷವನ್ನು 65 ಎಂದಷ್ಟೆ ಬರೆಯುತ್ತಿದ್ದರು. ವರ್ಷಕ್ಕೆ ಎರಡಂಕಿಗಳ ಈ ಉಳಿತಾಯದ ಹಿಂದೆ ಇದ್ದುದು ಪ್ರಮೇಯವಲ್ಲ, ಬರಿಯ ಅನುಕೂಲ. 2000ನೆಯ ವರ್ಷ ಬಂದಾಗ ಅದು 00 ಆಗಿ, 1965ರಲ್ಲಿ ಹುಟ್ಟಿದವನ ವಯಸ್ಸು –65 ಎಂದು ಯಂತ್ರ ಹೇಳುವಂತಾಗುತ್ತಿತ್ತು. ಬ್ಯಾಂಕುಗಳು, ಸರಕಾರಗಳು, ಉದ್ಯಮಗಳು ತಮ್ಮ ಹಳೆಯ ಕ್ರಮವಿಧಿಗಳನ್ನೆಲ್ಲ ಹುಡುಕಿ ತಿದ್ದಿಸಬೇಕಾಯಿತು. ಬೆಂಗಳೂರಿನ ಅನೇಕ ತಂತ್ರಜ್ಞರೂ ಆ ಕೆಲಸದಲ್ಲಿ ತೊಡಗಿದ್ದರು.

ಸಂಖ್ಯೆಯ ಅಳತೆ

ಇಲ್ಲಿಯವರೆಗೆ ಸಮಸ್ಯೆಯಿಂದ ಕ್ರಮವಿಧಿಯ ಕಡೆಗೆ ನೋಡಿದೆವು. ಈಗ ಕ್ರಮವಿಧಿಯಿಂದ ಸಂಖ್ಯೆಯ ಕಡೆಗೆ ನೋಡೋಣ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ನಿಷ್ಪತ್ತಿಯಾದ ಪೈ ಸಂಖ್ಯೆಯ ಅಂಕಿಗಳಲ್ಲಿ ಕಣ್ಣಿಗೆ ಯಾವ ಕ್ರಮವೂ ಕಾಣುವುದಿಲ್ಲ. ಆದರೂ ನೆದರ್ಲೆಂಡ್ಸಿನ ಗಣಿತಜ್ಞ ಡಿಕ್ ವಿಂಟರ್ ಬರೆದುದೆಂದು ಪ್ರಸಿದ್ಧವಾಗಿರುವ, 'ಸಿ' ಭಾಷೆಯ ಸುಮಾರು 160 ಅಕ್ಷರಗಳ ಕ್ರಮವಿಧಿಯೊಂದು ಪೈಯ 800 ಅಂಕಿಗಳನ್ನು ಬರೆದುಕೊಡುತ್ತದೆ. ಅಂಕಿಗಳು ಅಸ್ತವ್ಯಸ್ತವಾಗಿ ಕಂಡರೂ ಅವುಗಳ ಹಿಂದೆ ಒಂದು ನಿಯಮವಿದೆಯೆಂಬುದಕ್ಕೆ ಆ ಚಿಕ್ಕ ಕ್ರಮವಿಧಿಯೇ ಸಾಕ್ಷಿ. ಇದಕ್ಕೆ ಪ್ರತಿಯಾಗಿ, ನಾಣ್ಯವನ್ನು 800 ಬಾರಿ ಚಿಮ್ಮಿ ಬಂದ ಫಲಗಳನ್ನು ಯಂತ್ರದಿಂದ ಬರೆಯಿಸಬೇಕಾದರೆ, ಆ ಇಡೀ ಪಟ್ಟಿಯನ್ನೇ ಅದಕ್ಕೆ ಒಪ್ಪಿಸುವುದಕ್ಕಿಂತ ಹೆಚ್ಚು ಚಿಕ್ಕದಾದ ದಾರಿ ಸಾಮಾನ್ಯವಾಗಿ ಇರುವುದಿಲ್ಲ.

ಒಂದು ಸಂಖ್ಯೆಯನ್ನು ಬರೆದುಕೊಡಬಲ್ಲ ಅತಿ ಚಿಕ್ಕ ಕ್ರಮವಿಧಿಯ ಉದ್ದವನ್ನೇ ಆ ಸಂಖ್ಯೆಯ ಜಟಿಲತೆಯ ಅಳತೆಯೆಂದು ಏಕೆ ಭಾವಿಸಬಾರದು? ಈ ವಿಚಾರವನ್ನು ಮೂವರು ಬೇರೆಬೇರೆಯಾಗಿ ಮುಂದಿಟ್ಟರು: 1964ರಲ್ಲಿ ಅಮೆರಿಕದ ರೇ ಸೊಲೊಮನಾಫ್, 1965ರಲ್ಲಿ ರಷ್ಯದ ಆಂದ್ರೇ ಕೊಲ್ಮೊಗೊರೊವ್, 1966ರಲ್ಲಿ ನ್ಯೂಯಾರ್ಕಿನ ಗ್ರೆಗರಿ ಚೈಟಿನ್. ಈ ಮೂರನೆಯವರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದರೆಂಬುದನ್ನು ನಮ್ಮ ತರುಣ ವಾಚಕರು ಗಮನಿಸಬೇಕು. ಗಣಕ ಭಾಷೆ ಬದಲಾದರೆ ಉದ್ದವೂ ಬದಲಾಗುವುದಿಲ್ಲವೇ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದ ಮಾಡುವ ಕ್ರಮವಿಧಿಯೊಂದನ್ನು ಜೊತೆಗೆ ಸೇರಿಸಿಬಿಟ್ಟರೆ ಸಾಕು. ಎರಡು ಭಾಷೆಗಳ ಅಳತೆಗಳಿಗೆ ಇರುವ ಅಂತರ ಆ ಅನುವಾದಕದ ಉದ್ದವನ್ನು ಮೀರುವುದಿಲ್ಲ. ಸಂಖ್ಯೆ ಎಷ್ಟೇ ದೊಡ್ಡದಾದರೂ ಆ ಉದ್ದ ಒಂದೇ.

ಈ ಅಳತೆಯಿಂದ ನೋಡಿದರೆ ಒಂದು ವಿಚಿತ್ರವಾದ ಸಂಗತಿ ಹೊರಪಡುತ್ತದೆ. 0 ಮತ್ತು 1ಗಳಿಂದಾದ 100 ಅಂಕಿಗಳ ಸಾಲುಗಳು ಒಟ್ಟು 2ರ ನೂರನೆಯ ಘಾತದಷ್ಟು ಇವೆ. ಕ್ರಮವಿಧಿಗಳನ್ನೂ 0 ಮತ್ತು 1ಗಳಲ್ಲಿಯೇ ಬರೆಯುವೆವೆಂದುಕೊಳ್ಳೋಣ. 90 ಅಂಕಿಗಳಿಗಿಂತ ಚಿಕ್ಕದಾದ ಕ್ರಮವಿಧಿಗಳೆಲ್ಲವನ್ನೂ ಎಣಿಸಿದರೂ ಅವು 2ರ ತೊಂಬತ್ತನೆಯ ಘಾತಕ್ಕಿಂತ ಕಡಮೆ. ಒಂದು ಕ್ರಮವಿಧಿ ಬರೆಯುವುದು ಒಂದೇ ಸಾಲನ್ನು. ಆದುದರಿಂದ ಹತ್ತಕ್ಕಿಂತ ಹೆಚ್ಚು ಅಂಕಿಗಳನ್ನು ಉಳಿಸಲು ಸಾಧ್ಯವಾಗುವುದು 1024ರಲ್ಲಿ ಒಂದಕ್ಕಿಂತಲೂ ಕಡಮೆ ಸಾಲುಗಳಲ್ಲಿ ಮಾತ್ರ. ಉಳಿದವನ್ನು ಅಷ್ಟು ಕುಗ್ಗಿಸಿ ಹೇಳುವ ಉಪಾಯವೇ ಇಲ್ಲ. ನಿಯಮಕ್ಕೆ ಒಳಪಟ್ಟ ಸಂಖ್ಯೆಗಳು, ನಾವು ಶಾಲೆಯಲ್ಲಿ ಪರಿಚಯ ಮಾಡಿಕೊಳ್ಳುವಂತಹವು, ಬಹು ವಿರಳ.

ಎಲ್ಲಿಯೂ ದೊರೆಯದ ಯಂತ್ರ

ಹಾಗಾದರೆ, ಯಾವ ಸಂಖ್ಯೆಯನ್ನು ಕೊಟ್ಟರೂ ಅದರ ಅತಿ ಚಿಕ್ಕ ಕ್ರಮವಿಧಿಯ ಉದ್ದವನ್ನು ಹೇಳಬಲ್ಲ ಒಂದು ಮಹಾ ಕ್ರಮವಿಧಿಯನ್ನು ರಚಿಸಿಬಿಟ್ಟರೆ ಕೋಡ್ ಗಾಲ್ಫ್ ಆಟವೇ ಮುಗಿಯುವುದಲ್ಲವೇ? ಅಂತಹದು ಅಸಾಧ್ಯವೆಂಬುದಕ್ಕೆ ಸಾಧನೆಯಿದೆ, ಮತ್ತು ಅದು ಕೆಲವೇ ಸಾಲುಗಳದು.

ಅಂತಹ ಮಹಾ ಕ್ರಮವಿಧಿ ಇದೆಯೆಂದೂ, ಅದರ ಉದ್ದ ಒಂದು ಲಕ್ಷ ಅಕ್ಷರಗಳೆಂದೂ ಭಾವಿಸೋಣ. ಅದಕ್ಕೆ ಕೆಲವು ನೂರು ಅಕ್ಷರಗಳನ್ನು ಸೇರಿಸಿ ಹೀಗೊಂದು ಹೊಸ ಕ್ರಮವಿಧಿಯನ್ನು ಮಾಡೋಣ: '1, 2, 3 ಎಂದು ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸು, ಹತ್ತು ಲಕ್ಷ ಅಕ್ಷರಗಳಿಗಿಂತ ಚಿಕ್ಕ ಕ್ರಮವಿಧಿಯಿಂದ ಬರೆಯಲು ಬಾರದ ಮೊದಲನೆಯ ಸಂಖ್ಯೆ ಸಿಕ್ಕಿದೊಡನೆ ಅದನ್ನು ಬರೆದು ನಿಲ್ಲು.' ಹತ್ತು ಲಕ್ಷಕ್ಕಿಂತ ಚಿಕ್ಕ ಕ್ರಮವಿಧಿಗಳು ಎಷ್ಟೇ ಇದ್ದರೂ ಪರಿಮಿತ, ಸಂಖ್ಯೆಗಳು ಅಪರಿಮಿತ. ಆದುದರಿಂದ ಅಂತಹ ಸಂಖ್ಯೆ ಸಿಕ್ಕಿಯೇ ತೀರುತ್ತದೆ. ಆದರೆ ಅದನ್ನು ಬರೆದ ನಮ್ಮ ಹೊಸ ಕ್ರಮವಿಧಿಯ ಉದ್ದವೆಷ್ಟು? ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಹತ್ತು ಲಕ್ಷಕ್ಕಿಂತ ಚಿಕ್ಕದರಿಂದ ಬರೆಯಲು ಬಾರದ ಸಂಖ್ಯೆಯನ್ನು ಅದಕ್ಕಿಂತ ಬಹಳ ಚಿಕ್ಕದಾದುದೊಂದು ಬರೆದುಬಿಟ್ಟಿತು! ಇದು ಅಸಂಗತ. ಮಹಾ ಕ್ರಮವಿಧಿಯ ಉದ್ದ ಎಷ್ಟಿದ್ದರೂ, ಅದಕ್ಕೆ ತಕ್ಕಂತೆ ದೊಡ್ಡ ಮಿತಿಯೊಂದನ್ನು ಆರಿಸಿ ಇದೇ ವಿರೋಧವನ್ನು ತೋರಿಸಬಹುದು. ಆದುದರಿಂದ ಅಂತಹ ಕ್ರಮವಿಧಿ ಇರಲಾರದು. ಆಕ್ಸ್‌ಫರ್ಡಿನ ಗ್ರಂಥಪಾಲ ಬೆರ್ರಿ ಸೂಚಿಸಿ, ಬರ್ಟ್ರಂಡ್ ರಸೆಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ವಿರೋಧಾಭಾಸವೇ ಇಲ್ಲಿ ಗಣಕಯಂತ್ರದ ವೇಷ ಧರಿಸಿ ಬಂದಿದೆ.

ಇದರ ಅರ್ಥ ನಿರಾಶೆಪಡಬೇಕೆಂದಲ್ಲ. ಚಿಕ್ಕ ಕ್ರಮವಿಧಿಗಳನ್ನು ಕಂಡುಹಿಡಿಯುವುದು ಸಾಧ್ಯ; ಕಾಪ್ರೇಕರರ ಸಂಖ್ಯೆಯಲ್ಲಿ ಅದನ್ನು ನೋಡಿದೆವು. ಎಲ್ಲ ಸಂಖ್ಯೆಗಳಿಗೂ ಒಂದೇ ಯಂತ್ರದಿಂದ ಅದನ್ನು ಕಂಡುಹಿಡಿಯಿಸುವುದು ಮಾತ್ರ ಸಾಧ್ಯವಿಲ್ಲ. ಒಂದೊಂದು ಸಮಸ್ಯೆಯಲ್ಲಿಯೂ ಯಾವ ಆಜ್ಞೆ ಬೇಕು, ಯಾವುದರ ಸ್ಥಾನದಲ್ಲಿ ಒಂದು ಸತ್ಯವನ್ನು ನಿಲ್ಲಿಸಬಹುದು ಎಂಬುದನ್ನು ಆ ಸಮಸ್ಯೆಯನ್ನೇ ಹೊಕ್ಕು ತಿಳಿಯಬೇಕು.

ವಿದ್ಯಾರ್ಥಿಗಳು ಈ ಕೆಲಸವನ್ನು ಗಣಕಯಂತ್ರವಿಲ್ಲದೆಯೂ ಪ್ರಾರಂಭಿಸಬಹುದು. ಮೂರಂಕಿಯ ಸಂಖ್ಯೆಗಳಿಗೂ ಕಾಪ್ರೇಕರರ ವಿಧಾನವನ್ನು ಪ್ರಯೋಗಿಸಿದರೆ ಎಲ್ಲವೂ 495ಕ್ಕೆ ಬಂದು ನಿಲ್ಲುತ್ತವೆ. ಮೂರು ಅಂಕಿಗಳೂ ಒಂದೇ ಆಗಿರಕೂಡದು, ಮುಂದಿನ ಸೊನ್ನೆಯನ್ನು ಮರೆಯಕೂಡದು. ಇಲ್ಲಿ ಕಳೆದಾಗ ಬರುವ ಸಂಖ್ಯೆ, ದೊಡ್ಡ ಅಂಕಿಗೂ ಚಿಕ್ಕ ಅಂಕಿಗೂ ಇರುವ ವ್ಯತ್ಯಾಸದ 99ರಷ್ಟು. ಆದುದರಿಂದ ಪರೀಕ್ಷಿಸಬೇಕಾದ ಸಂದರ್ಭಗಳು ಒಂಬತ್ತೇ. ಎಷ್ಟು ಹೆಜ್ಜೆಗಳು ಸಾಕೆಂಬುದನ್ನು ಆ ಒಂಬತ್ತರಿಂದ ಸಾಧಿಸಿ, ಅನಂತರ ಆಜ್ಞೆಗಳ ಪಟ್ಟಿಯನ್ನು ಬರೆದು, ಅದರಿಂದ ಎಷ್ಟನ್ನು ಅಳಿಸಬಹುದೆಂದು ನೋಡಿರಿ. ಪ್ರತಿಯೊಂದನ್ನು ಅಳಿಸುವ ಮುನ್ನ ಅದಕ್ಕೆ ಕಾರಣವನ್ನು ಪಕ್ಕದಲ್ಲಿ ಬರೆಯಿರಿ. ಕಾರಣ ಬರೆಯಲಾಗದಿದ್ದರೆ ಆ ಆಜ್ಞೆ ಇದ್ದಲ್ಲಿಯೇ ಇರಲಿ.